ಫಾಲಿಕಲ್ ಬೆಳೀತು, ಈಸ್ಟ್ರೋಜನ್ ಬರ್ಲಿಲ್ಲ: ಒಂದು ಪ್ರಕರಣ ಅಧ್ಯಯನ

ಅಂಡಾಶಯದಲ್ಲಿ ಅಂಡಾಣು ಬೆಳೆಯೋ ಚೀಲ, ಅಂದ್ರೆ ಫಾಲಿಕಲ್, ದೊಡ್ಡದಾದ್ರೂ ಅದು ಮಾಡಬೇಕಾದ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಬರದೇ ಇದ್ದ ಈ ಕೇಸ್ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಮನಸ್ಸಲ್ಲಿತ್ತು. ಪೇಷಂಟ್ ಒಪ್ಪಿಗೆ ಕೊಟ್ಟಿದಾರೆ. ಗುರುತು ಸಿಗೋ ಥರದ ವಿವರ ಏನಿದ್ಯೋ ಎಲ್ಲಾ ತೆಗೆದಿದೀನಿ, ವಯಸ್ಸನ್ನ ಸ್ವಲ್ಪ ಆಚೀಚೆ ಮಾಡಿದೀನಿ. ಬಂಜೆತನದ ಚಿಕಿತ್ಸೆ ಕಲೀತಿರೋ ಕಿರಿಯ ಡಾಕ್ಟರ್‌ಗಳು, ಎಂಡೋಕ್ರೈನಾಲಜಿ ಓದ್ತಿರೋರು, ಇಂಥದೇ ಪರಿಸ್ಥಿತೀಲಿರೋ ಹೆಣ್ಮಕ್ಕಳು ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಬರೀತಿದೀನಿ. ಮೊದಲ ನಿರ್ಧಾರ ತಪ್ಪಾಗಿತ್ತು, ಅದನ್ನ ತಗೊಂಡಿದ್ದು ನಾನೇ, ಹಾಗಾಗಿ ಅದನ್ನೂ ಬಿಡದೆ ಬರ್ದಿದೀನಿ.

ಹಿನ್ನೆಲೆ

ಆಕೆಗೆ ಆಗ 29. ಮದುವೆ ಆಗಿ ಐದು ವರ್ಷ. ತಾನಾಗೇ ಮುಟ್ಟು ಅಂತ ಒಂದು ಸಲನೂ ಆಗಿದ್ದಿಲ್ಲ. 17ನೇ ವಯಸ್ಸಲ್ಲಿ ಹಾರ್ಮೋನ್ ಮಾತ್ರೆ ಶುರು ಮಾಡಿಸಿದ್ರು, ಮಾತ್ರೆ ತಗೊಂಡ ತಿಂಗಳು ಬ್ಲೀಡಿಂಗ್ ಆಗ್ತಿತ್ತು, ಬಿಟ್ಟ ತಿಂಗಳು ಇಲ್ಲ. ಮನೇಲಿ ಎಲ್ಲರೂ ಸರಿಹೋಯ್ತು ಅಂದ್ಕೊಂಡು ಸುಮ್ಮನಾಗಿದ್ರು. ಇಲ್ಲಿ ಒಂದು ಮಾತು ಹೇಳ್ಲೇಬೇಕು, ಮಾತ್ರೆ ತಗೊಂಡಾಗ ಬ್ಲೀಡಿಂಗ್ ಆಯ್ತು ಅಂದ್ರೆ ಗರ್ಭಕೋಶ ಇದೆ, ಅದರ ಒಳಪದರ ಹಾರ್ಮೋನಿಗೆ ಸ್ಪಂದಿಸತ್ತೆ, ದಾರಿ ತೆರೆದಿದೆ ಅಂತ ಅಷ್ಟೇ ಅರ್ಥ. ಅಂಡಾಶಯ ಕೆಲಸ ಮಾಡ್ತಿದ್ಯಾ ಇಲ್ವಾ ಅಂತ ಅದರಿಂದ ಗೊತ್ತಾಗಲ್ಲ.

ಮದುವೆ ಆದ್ಮೇಲೆ ಒಂದು ಕಡೆ ಅಂಡೋತ್ಪತ್ತಿ ಮಾಡಿಸೋ ಕ್ಲೋಮಿಫೀನ್ ಮಾತ್ರೆ ನಾಲ್ಕು ಸಲ ಕೊಟ್ಟಿದ್ರು, ಒಂದು ಸಲನೂ ಏನೂ ಆಗಿರ್ಲಿಲ್ಲ. ಇನ್ನೊಂದು ಕಡೆ ಸ್ಕ್ಯಾನ್ ಮಾಡಿ ಅಂಡಾಶಯ ಎರಡೂ ಚಿಕ್ಕದಿವೆ, ಎಎಂಎಚ್ (ಉಳಿದಿರೋ ಮೊಟ್ಟೆಗಳ ಅಂದಾಜು ಕೊಡೋ ರಕ್ತಪರೀಕ್ಷೆ) 0.9 ಇದೆ, ಮೊಟ್ಟೆ ಖಾಲಿ ಆಗಿದೆ, ದಾನಿಯ ಅಂಡಾಣು ತಗೊಳ್ಳಿ ಅಂತ ಹೇಳಿ ಕಳಿಸಿದ್ರು. ಆ ಮಾತು ಕೇಳಿ ಆರು ತಿಂಗಳು ಯಾವ ಆಸ್ಪತ್ರೆಗೂ ಹೋಗಿರ್ಲಿಲ್ವಂತೆ. ಕೊನೆಗೆ ಗಂಡ ಒತ್ತಾಯ ಮಾಡಿ ನಮ್ಮ ಹತ್ರ ಕರ್ಕೊಂಡು ಬಂದಿದ್ರು, ಕೈಯಲ್ಲಿ ದಪ್ಪ ಫೈಲ್.

ಆ ಫೈಲಲ್ಲಿ ಮೂರು ವರ್ಷ ಹಳೇ ಒಂದು ರಿಪೋರ್ಟ್ ಇತ್ತು, ಎಫ್‌ಎಸ್‌ಎಚ್ (ಫಾಲಿಕಲ್ ಬೆಳೆಸೋಕೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸೋ ಹಾರ್ಮೋನ್) 0.7 ಅಂತ. ಅದರ ಪಕ್ಕ ಪೆನ್ನಲ್ಲಿ ಟಿಕ್ ಹಾಕಿದ್ರು, ಅಂದ್ರೆ ನೋಡಿದೀವಿ, ತೊಂದ್ರೆ ಇಲ್ಲ ಅಂತ. ಎಫ್‌ಎಸ್‌ಎಚ್ ಜಾಸ್ತಿ ಇದ್ರೆ ಕೆಟ್ಟದ್ದು ಅನ್ನೋದು ನಮಗೆಲ್ಲ ಎಷ್ಟು ಗಟ್ಟಿಯಾಗಿ ತಲೇಲಿ ಕೂತಿರತ್ತೆ ಅಂದ್ರೆ, ತೀರಾ ಕಮ್ಮಿ ಇರೋದೂ ಕೆಟ್ಟದ್ದೇ ಅಂತ ಕಣ್ಣಿಗೆ ಹೊಳೆಯಲ್ಲ. ಅಂಡಾಶಯ ನಿಜವಾಗ್ಲೂ ಸೋತುಹೋಗಿದ್ರೆ ಪಿಟ್ಯುಟರಿ ಸುಮ್ಮನಿರಲ್ಲ, ಕೂಗಿ ಕೂಗಿ ಕರೆಯತ್ತೆ, ಎಫ್‌ಎಸ್‌ಎಚ್ 25ರ ಮೇಲೆ ಹೋಗತ್ತೆ. ಇಲ್ಲಿ 0.7. ಅಂದ್ರೆ ಕೆಲಸ ಮಾಡು ಅಂತ ಈ ಅಂಡಾಶಯಕ್ಕೆ ಯಾರೂ ಯಾವತ್ತೂ ಹೇಳೇ ಇಲ್ಲ. ಎಎಂಎಚ್ ಕಮ್ಮಿ ಇದ್ದಿದ್ದೂ, ಅಂಡಾಶಯ ಚಿಕ್ಕದಿದ್ದಿದ್ದೂ ಅದೇ ಕಾರಣಕ್ಕೆ, ಹಾರ್ಮೋನಿನ ಆಸರೆ ಇಲ್ಲದೆ ಸಣ್ಣ ಫಾಲಿಕಲ್‌ಗಳು ಮುಂದಿನ ಹಂತಕ್ಕೆ ಬರೋದೇ ಇಲ್ಲ, ಹಾಗಾಗಿ ಎಎಂಎಚ್ ನೋಡಿ ಇಂಥವರಲ್ಲಿ ಮೊಟ್ಟೆ ಮುಗೀತು ಅಂತ ತೀರ್ಪು ಕೊಡೋ ಹಾಗಿಲ್ಲ.

ಮತ್ತೆ ಟೆಸ್ಟ್ ಮಾಡಿಸಿದ್ವಿ. ಎಫ್‌ಎಸ್‌ಎಚ್ 0.6, ಎಲ್‌ಎಚ್ (ಪಿಟ್ಯುಟರಿಯಿಂದ ಅಂಡಾಶಯಕ್ಕೆ ಬರೋ ಇನ್ನೊಂದು ಹಾರ್ಮೋನ್) 0.3ಕ್ಕಿಂತ ಕಮ್ಮಿ, ಈಸ್ಟ್ರಡಯೋಲ್ (ಮುಖ್ಯವಾದ ಈಸ್ಟ್ರೋಜನ್) 10 ಪಿಕೋಗ್ರಾಂಗಿಂತ ಕೆಳಗೆ. ಪ್ರೊಲ್ಯಾಕ್ಟಿನ್, ಥೈರಾಯ್ಡ್, ಬೆಳಗಿನ ಕಾರ್ಟಿಸಾಲ್ ಎಲ್ಲಾ ನಾರ್ಮಲ್. ಪಿಟ್ಯುಟರಿ ಎಂಆರ್‌ಐಲಿ ಗೆಡ್ಡೆ ಗಿಡ್ಡೆ ಏನೂ ಇಲ್ಲ.

ರಿಪೋರ್ಟ್ ಮಾತಾಡಿ ಮುಗಿಸಿ ಎದ್ದು ಹೋಗೋ ಹೊತ್ತಿಗೆ ಕೇಳ್ದೆ, ನಿಮಗೆ ವಾಸನೆ ಸರಿಯಾಗಿ ಗೊತ್ತಾಗತ್ತಾ ಅಂತ. ಆಕೆ ಒಂದು ಕ್ಷಣ ಗಂಡನ ಮುಖ ನೋಡಿದ್ರು. "ಇಲ್ಲ ಮೇಡಂ. ಮಳೆ ಬಿದ್ದಾಗ ಮಣ್ಣಿನ ವಾಸನೆ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಹೇಗಿರತ್ತೆ ಅಂತ ನಂಗೆ ಗೊತ್ತೇ ಇಲ್ಲ. ಚಿಕ್ಕೋಳಿದ್ದಾಗಿಂದ ಎಲ್ಲರೂ ಹೂಂ ಅಂದ್ರೆ ನಾನೂ ಹೂಂ ಅಂತಿದ್ದೆ." ಹನ್ನೆರಡು ವರ್ಷದಲ್ಲಿ ಎಷ್ಟೋ ಡಾಕ್ಟರ್‌ಗಳನ್ನ ನೋಡಿದಾರೆ, ಈ ಪ್ರಶ್ನೆ ಒಬ್ಬರೂ ಕೇಳಿರ್ಲಿಲ್ಲ. ಎಂಆರ್‌ಐ ಫಿಲ್ಮ್‌ನ ವಾಪಸ್ ರೇಡಿಯಾಲಜಿಸ್ಟ್ ಹತ್ರ ತಗೊಂಡು ಹೋಗಿ ವಾಸನೆ ನರದ ಬುಡ ನೋಡಿ ಅಂದಾಗ, ಎರಡೂ ಕಡೆ ಆಲ್ಫ್ಯಾಕ್ಟರಿ ಬಲ್ಬ್ ಕಾಣ್ತಿಲ್ಲ ಅಂದ್ರು. ಕಾಲ್ಮನ್ ಸಿಂಡ್ರೋಮ್.

ವಾಸನೆಗೂ ಮುಟ್ಟಿಗೂ ಏನು ಸಂಬಂಧ ಅಂತ ಕೇಳ್ತೀರಾ. ಅಂಡಾಶಯಕ್ಕೆ ಹೋಗೋ ಆದೇಶದ ಮೂಲ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನ್, ಮೆದುಳಿನ ಹೈಪೋಥಲಾಮಸ್‌ನಲ್ಲಿ ಅದನ್ನ ಮಾಡೋ ನರಕೋಶಗಳು ಹುಟ್ಟೋದು ಅಲ್ಲಲ್ಲ, ಭ್ರೂಣದ ಮೂಗಿನ ಭಾಗದಲ್ಲಿ. ಅಲ್ಲಿಂದ ವಾಸನೆ ನರದ ದಾರಿ ಹಿಡ್ಕೊಂಡು ನಡ್ಕೊಂಡು ಹೋಗಿ ಹೈಪೋಥಲಾಮಸ್ ಸೇರ್ತವೆ. ಆ ದಾರಿನೇ ಸರಿಯಾಗಿ ಆಗಿಲ್ಲ ಅಂದ್ರೆ ವಾಸನೆನೂ ಇಲ್ಲ, ಜಿಎನ್‌ಆರ್‌ಎಚ್ಚೂ ಇಲ್ಲ. ಫ್ರಾಂಜ್ ಕಾಲ್ಮನ್ 1944ರಲ್ಲೇ ಇದು ಕುಟುಂಬಗಳಲ್ಲಿ ಬರತ್ತೆ ಅಂತ ವರದಿ ಮಾಡಿದ್ರು. ಜಿಎನ್‌ಆರ್‌ಎಚ್ ಸುಮಾರು ಒಂದು, ಒಂದೂವರೆ ಗಂಟೆಗೊಂದು ಸಲ ಮಿಡಿತದ ಥರ ಬಂದ್ರೆ ಮಾತ್ರ ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ಬಿಡತ್ತೆ. ಕ್ಲೋಮಿಫೀನ್ ಯಾಕೆ ಫಲ ಕೊಡ್ಲಿಲ್ಲ ಅನ್ನೋದೂ ಇಲ್ಲೇ ಇದೆ, ಅದು ಈಸ್ಟ್ರೋಜನ್ ಕಮ್ಮಿ ಇದೆ ಅಂತ ಹೈಪೋಥಲಾಮಸ್‌ಗೆ ತೋರಿಸಿ ಜಿಎನ್‌ಆರ್‌ಎಚ್ ಜಾಸ್ತಿ ಮಾಡಿಸೋ ಔಷಧಿ, ಕೇಳಿಸ್ಕೊಳ್ಳೋ ಕೋಶನೇ ಇಲ್ಲದ ಕಡೆ ಹೇಳಿ ಏನು ಪ್ರಯೋಜನ.

ಮೊದಲ ಸೈಕಲ್, ನನ್ನ ನಿರ್ಧಾರ

ಇಂಥವರಿಗೆ ದೇಹದ ರೀತಿಗೆ ಹತ್ತಿರದ ಚಿಕಿತ್ಸೆ ಅಂದ್ರೆ ಮಿಡಿತದ ಥರ ಹಾರ್ಮೋನ್ ಬಿಡೋ ಜಿಎನ್‌ಆರ್‌ಎಚ್ ಪಂಪ್, ಅದು ನಮ್ಮ ಕೈಗೆ ಸಿಗೋ ಹಾಗಿರ್ಲಿಲ್ಲ. ಹಾಗಾಗಿ ಪಿಟ್ಯುಟರಿ ಮಾಡಬೇಕಾದ ಕೆಲಸವನ್ನ ಇಂಜೆಕ್ಷನ್‌ನಲ್ಲಿ ಮಾಡೋದು ಅಂತ ಆಯ್ತು. ಮೊದಲು ಗರ್ಭಕೋಶ ಸ್ವಲ್ಪ ದೊಡ್ಡದಾಗ್ಲಿ ಅಂತ ನಾಲ್ಕು ತಿಂಗಳು ಈಸ್ಟ್ರಡಯೋಲ್, ಪ್ರೊಜೆಸ್ಟರಾನ್ ಕೊಟ್ವಿ.

ಆಮೇಲೆ ಎಫ್‌ಎಸ್‌ಎಚ್ ಒಂದೇ ಸಾಕು ಅಂತ ನಾನು ನಿರ್ಧಾರ ಮಾಡ್ದೆ. ಶುದ್ಧವಾದ ರೀಕಾಂಬಿನೆಂಟ್ (ಲ್ಯಾಬಲ್ಲಿ ತಯಾರಿಸಿದ) ಎಫ್‌ಎಸ್‌ಎಚ್, ಪೆನ್ ಥರ ಇರತ್ತೆ, ಮನೇಲೇ ಚುಚ್ಕೋಬಹುದು. ದಿನಾ ನಾವು ನೋಡೋ ಬಹುಪಾಲು ಪೇಷಂಟ್‌ಗಳಿಗೆ ಎಫ್‌ಎಸ್‌ಎಚ್ ಒಂದೇ ಕೊಟ್ರೂ ಚೆನ್ನಾಗೇ ಆಗತ್ತೆ, ಯಾಕಂದ್ರೆ ಅವರ ದೇಹದಲ್ಲಿ ಅವರದೇ ಎಲ್‌ಎಚ್ ಇರತ್ತೆ, ಬೇಕಾಗಿರೋದು ಬಹಳ ಸ್ವಲ್ಪ. ಈ "ಅವರದೇ ಎಲ್‌ಎಚ್ ಇರತ್ತೆ" ಅನ್ನೋ ಭಾಗ ನನ್ನ ಅಭ್ಯಾಸದಲ್ಲಿ ಎಷ್ಟು ಕರಗಿಹೋಗಿತ್ತು ಅಂದ್ರೆ, ಎಲ್‌ಎಚ್ 0.3 ಕೂಡ ಇಲ್ಲ ಅನ್ನೋ ರಿಪೋರ್ಟ್‌ಗೆ ನಾನೇ ಸೈನ್ ಮಾಡಿದ್ರೂ ಎರಡನ್ನೂ ಜೋಡಿಸಿ ನೋಡ್ಲಿಲ್ಲ.

ದಿನಾ 150 ಯೂನಿಟ್. ಎಂಟನೇ ದಿನ ಸ್ಕ್ಯಾನ್‌ನಲ್ಲಿ 8 ಮಿಲಿಮೀಟರಿನ ಎರಡು ಮೂರು ಫಾಲಿಕಲ್, ಈಸ್ಟ್ರಡಯೋಲ್ 14. ನಿಧಾನ ಇದೆ ಅಂತ 225ಕ್ಕೆ ಏರಿಸಿದ್ವಿ. ಹನ್ನೆರಡನೇ ದಿನ 12 ಮಿಲಿಮೀಟರ್, ಈಸ್ಟ್ರಡಯೋಲ್ 22. ಹದಿನೈದಕ್ಕೆ 15 ಮತ್ತು 13, ಈಸ್ಟ್ರಡಯೋಲ್ 31. ಹದಿನೇಳನೇ ದಿನ ಸ್ಕ್ಯಾನ್ ರೂಮಲ್ಲಿ ಸ್ಕ್ರೀನ್ ಮೇಲೆ ದುಂಡಗೆ, ಕಪ್ಪಗೆ, ಅಂಚು ಸ್ವಚ್ಛವಾಗಿ 18 ಮಿಲಿಮೀಟರಿನ ಫಾಲಿಕಲ್ ಒಂದು, ಪಕ್ಕದಲ್ಲಿ 16ರದ್ದು ಇನ್ನೊಂದು. ಆಕೆ ತಲೆ ತಿರುಗಿಸಿ ಸ್ಕ್ರೀನ್ ನೋಡ್ತಾ ಅತ್ತುಬಿಟ್ರು, ನಿನ್ನಲ್ಲಿ ಮೊಟ್ಟೆನೇ ಇಲ್ಲ ಅಂತ ಹೇಳಿಸ್ಕೊಂಡಿದ್ದವರು. ಆಮೇಲೆ ಪ್ರೋಬ್ ತಿರುಗಿಸಿ ಗರ್ಭಕೋಶದ ಒಳಪದರ ಅಳೆದೆ, 4.2 ಮಿಲಿಮೀಟರ್. ಪೆನ್ನಿನ ಗೆರೆ ಥರ. ಮಧ್ಯಾಹ್ನ ರಕ್ತದ ರಿಪೋರ್ಟ್ ಬಂತು, ಈಸ್ಟ್ರಡಯೋಲ್ 38.

ಪಕ್ವವಾದ ಒಂದು ಫಾಲಿಕಲ್ ಇದ್ರೆ ಸುಮಾರು 200ರ ಹತ್ರ ಇರಬೇಕಾದ ಸಂಖ್ಯೆ ಅದು.

ನಂಬರ್ ತಪ್ಪಾ, ಫಾಲಿಕಲ್ ತಪ್ಪಾ

ಮೊದಲು ಎಲ್ಲರಿಗೂ ಬಂದ ಅನುಮಾನ ಲ್ಯಾಬ್ ಮೇಲೆ. ಅದೇ ಸ್ಯಾಂಪಲ್ ಇನ್ನೊಂದು ಲ್ಯಾಬಿಗೆ ಕಳಿಸಿದ್ವಿ. ಸಂಜೆ ನಮ್ಮ ಕಿರಿಯ ಡಾಕ್ಟರ್ ಖುಷಿಯಿಂದ ಓಡ್ಕೊಂಡು ಬಂದ್ಲು, "ಮೇಡಂ, 140 ಬಂದಿದೆ! ನಮ್ಮ ಲ್ಯಾಬಿಂದೇ ತಪ್ಪು. ಸೈಜ್ ಬಂದಿದೆ, ಇವತ್ತು ರಾತ್ರಿನೇ ಟ್ರಿಗರ್ ಕೊಟ್ಟುಬಿಡೋಣ." ಟ್ರಿಗರ್ ಅಂದ್ರೆ ಅಂಡಾಣು ಹೊರಗೆ ಬರೋ ಹಾಗೆ ಮಾಡೋ ಇಂಜೆಕ್ಷನ್. ನಾನೂ ಒಂದು ನಿಮಿಷ ನಿರಾಳ ಆದೆ. ರಿಪೋರ್ಟ್ ಕೈಗೆ ತಗೊಂಡು ಬಲಗಡೆ ತುದೀಲಿ ಸಣ್ಣ ಅಕ್ಷರದಲ್ಲಿರೋ ಯೂನಿಟ್ ನೋಡ್ದಾಗ ಗೊತ್ತಾಯ್ತು, ಅವರು ಕೊಟ್ಟಿದ್ದು ಲೀಟರಿಗೆ ಪಿಕೋಮೋಲ್ ಲೆಕ್ಕದಲ್ಲಿ. 3.67ರಿಂದ ಭಾಗಿಸಿದ್ರೆ 38. ಎರಡು ಲ್ಯಾಬೂ ಒಂದೇ ಮಾತು ಹೇಳ್ತಿದ್ವು. ಯೂನಿಟ್ ನೋಡದೇ ಅವತ್ತು ರಾತ್ರಿ ಟ್ರಿಗರ್ ಕೊಟ್ಟಿದ್ರೆ, ತೆಳ್ಳಗಿನ ಒಳಪದರದ ಮೇಲೆ ಆ ಸೈಕಲ್ ವ್ಯರ್ಥ ಆಗೋದಲ್ಲದೆ, ಏನು ತಪ್ಪಾಯ್ತು ಅಂತ ತಿಳ್ಕೊಳ್ಳೋ ಅವಕಾಶನೂ ಹೋಗ್ತಿತ್ತು.

ಈಗ ಪ್ರಶ್ನೆ ಸ್ಪಷ್ಟ ಆಯ್ತು. ಫಾಲಿಕಲ್ ಬೆಳೆದಿದೆ, ಆದ್ರೆ ಅದು ಮಾಡಬೇಕಾದ ಹಾರ್ಮೋನ್ ಮಾಡ್ತಿಲ್ಲ. ಎಲ್ಲಿ ನಿಂತುಹೋಗಿದೆ?

ಇದಕ್ಕೆ ಉತ್ತರ ಬೇಕಂದ್ರೆ ಫಾಲಿಕಲ್‌ನ ಗೋಡೆ ಒಳಗೆ ಹೋಗಬೇಕು. ಅಲ್ಲಿ ಎರಡು ಬಗೆ ಕೋಶಗಳಿವೆ. ಹೊರಗಿನ ಪದರ ಥೀಕಾ, ಅದಕ್ಕೆ ರಕ್ತನಾಳ ಇದೆ. ಒಳಗಿನ ಪದರ ಗ್ರ್ಯಾನ್ಯುಲೋಸಾ, ಅಂಡಾಣುವನ್ನ ಸುತ್ತಿಕೊಂಡಿರೋದು, ಅಂಡೋತ್ಪತ್ತಿ ಆಗೋವರೆಗೂ ಅದಕ್ಕೆ ರಕ್ತನಾಳ ಇಲ್ಲ. ಮಧ್ಯೆ ಒಂದು ತೆಳು ಪೊರೆ. ಸ್ಟೀರಾಯ್ಡ್ ಹಾರ್ಮೋನ್ ಎಲ್ಲಾ ಶುರುವಾಗೋದು ಕೊಲೆಸ್ಟರಾಲ್‌ನಿಂದ. ಥೀಕಾ ಕೋಶದ ಮೇಲಿರೋ ರಿಸೆಪ್ಟರ್‌ಗೆ ಎಲ್‌ಎಚ್ ಬಂದು ಕೂತ್ರೆ ಒಳಗೆ ಸೈಕ್ಲಿಕ್ ಎಎಂಪಿ ಏರತ್ತೆ, ಸ್ಟಾರ್ ಅನ್ನೋ ಪ್ರೋಟೀನ್ ಕೊಲೆಸ್ಟರಾಲನ್ನ ಮೈಟೋಕಾಂಡ್ರಿಯಾದ ಒಳಪೊರೆಗೆ ದಾಟಿಸತ್ತೆ (ಈ ಪ್ರೋಟೀನ್ ಯಾವುದು ಅಂತ ಗೊತ್ತಾಗಿದ್ದು 1994ರಲ್ಲಿ, ಅಲ್ಲೀವರೆಗೂ ಏನೋ ಒಂದು ಇರಬೇಕು ಅಂತ ಗೊತ್ತಿತ್ತು ಅಷ್ಟೆ), ಅಲ್ಲಿ ಅದು ಪ್ರೆಗ್ನೆನೊಲೋನ್ ಆಗತ್ತೆ, ಆಮೇಲೆ 17-ಆಲ್ಫಾ ಹೈಡ್ರಾಕ್ಸಿಲೇಸ್ ಅನ್ನೋ ಕಿಣ್ವ ಅದನ್ನ ಗಂಡು ಹಾರ್ಮೋನಿನ ಕಡೆಗೆ ತಿರುಗಿಸತ್ತೆ, ಕೊನೆಗೆ ಆಂಡ್ರೊಸ್ಟೀನ್‌ಡಯೋನ್. ಹೆಣ್ಣಿನ ಅಂಡಾಶಯ ಮೊದಲು ಮಾಡೋದು ಗಂಡು ಹಾರ್ಮೋನೇ, ಇದು ತುಂಬಾ ಜನಕ್ಕೆ ಆಶ್ಚರ್ಯ ಅನ್ಸತ್ತೆ.

ಗ್ರ್ಯಾನ್ಯುಲೋಸಾದಲ್ಲಿ ಆ 17-ಆಲ್ಫಾ ಕಿಣ್ವ ಇಲ್ಲ ಅಂತ್ಲೇ ಹೇಳಬಹುದು. ಅಲ್ಲಿರೋದು ಅರೋಮಟೇಸ್, ಅದನ್ನ ಎಬ್ಬಿಸೋದು ಎಫ್‌ಎಸ್‌ಎಚ್. ಪೊರೆ ದಾಟಿ ಥೀಕಾದಿಂದ ಬಂದ ಆಂಡ್ರೊಸ್ಟೀನ್‌ಡಯೋನನ್ನ ತಗೊಂಡು ಈಸ್ಟ್ರೋಜನ್ ಮಾಡೋದು ಅದರ ಕೆಲಸ. ಥೀಕಾ ಕಳಿಸಿಲ್ಲ ಅಂದ್ರೆ ಅದು ತಾನೇ ಮಾಡ್ಕೊಳ್ಳಕ್ಕಾಗಲ್ಲ.

ಇದನ್ನ ಮೊದಲು ತೋರಿಸಿಕೊಟ್ಟಿದ್ದು ಸ್ವೀಡನ್ನಿನ ಬೆಂಗ್ಟ್ ಫಾಲ್ಕ್, 1959ರಲ್ಲಿ. ಇಲಿಯ ಅಂಡಾಶಯದ ಬೇರೆ ಬೇರೆ ಅಂಗಾಂಶವನ್ನ ಇಲಿಯ ಕಣ್ಣಿನ ಮುಂಭಾಗದ ಕೋಣೇಲಿ ನೆಟ್ಟು, ಪಕ್ಕದಲ್ಲೇ ಯೋನಿಯ ಪದರದ ಚೂರು ಇಟ್ಟು ನೋಡಿದ್ರು, ಈಸ್ಟ್ರೋಜನ್ ಬಂದ್ರೆ ಆ ಪದರ ಬದಲಾಗತ್ತೆ. ಗ್ರ್ಯಾನ್ಯುಲೋಸಾ ಒಂದನ್ನೇ ನೆಟ್ರೆ ಏನೂ ಇಲ್ಲ, ಥೀಕಾ ಒಂದನ್ನೇ ನೆಟ್ರೂ ಇಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟಾಗ ಬಂತು. ಆಮೇಲೆ 1960ರ ದಶಕದಲ್ಲಿ ಕೆನೆತ್ ರಯನ್ ಮತ್ತು ಜೊತೆಯವರು ಮನುಷ್ಯರ ಅಂಡಾಶಯದ ಎರಡು ಕೋಶಗಳನ್ನ ಬೇರೆ ಮಾಡಿ ಇದೇ ಹಂಚಿಕೆಯನ್ನ ನೋಡಿದ್ರು. ಎರಡು ಕೋಶ, ಎರಡು ಹಾರ್ಮೋನ್ ಅಂತ ಪಠ್ಯಪುಸ್ತಕದಲ್ಲಿ ಓದ್ತೀವಲ್ಲ, ಅದು ಇದೇ. ಎಂಬಿಬಿಎಸ್ ಪರೀಕ್ಷೇಲಿ ಚಿತ್ರ ಬಿಡಿಸಿ ಮಾರ್ಕ್ಸ್ ತಗೊಂಡಿದ್ದು ನೆನಪಿದೆ. ಆ ಚಿತ್ರದ ಅರ್ಧ ಭಾಗ ಇಲ್ಲದ ಹೆಂಗಸು ಎದುರಿಗೆ ಕೂತಾಗ ಅದು ನೆನಪಾಗ್ಲಿಲ್ಲ ಅನ್ನೋದು ನಂಗೆ ಇವತ್ತಿಗೂ ನೋವು.

ಆದ್ರೂ ಊಹೆ ಮೇಲೆ ಮುಂದೆ ಹೋಗೋದು ಬೇಡ ಅಂತ ತೀರ್ಮಾನ ಮಾಡಿದ್ವಿ, ಯಾಕಂದ್ರೆ ಫಾಲಿಕಲ್ ಇದ್ದೂ ಈಸ್ಟ್ರೋಜನ್ ಇಲ್ಲದೇ ಇರೋದಕ್ಕೆ ಬೇರೆ ಕಾರಣಗಳೂ ಇವೆ. ಅರೋಮಟೇಸ್ ಕಿಣ್ವನೇ ಹುಟ್ಟಿನಿಂದ ಇಲ್ಲ ಅಂದ್ರೆ ಹಿಂದೆ ಗಂಡು ಹಾರ್ಮೋನ್ ರಾಶಿ ಬೀಳಬೇಕು. 17-ಆಲ್ಫಾ ಹೈಡ್ರಾಕ್ಸಿಲೇಸ್ ಇಲ್ಲ ಅಂದ್ರೆ ಪ್ರೊಜೆಸ್ಟರಾನ್ ಜಾಸ್ತಿ ಇರತ್ತೆ, ಬಿಪಿ ಏರಿರತ್ತೆ, ಪೊಟ್ಯಾಸಿಯಂ ಇಳಿದಿರತ್ತೆ, ಯಾಕಂದ್ರೆ ಅದೇ ಕಿಣ್ವ ಅಡ್ರಿನಲ್ ಗ್ರಂಥೀಲೂ ಬೇಕು. ಫ್ರೀಜರ್‌ನಲ್ಲಿ ಉಳಿದಿದ್ದ ಸೀರಂ ತೆಗೆದು ನಾಲ್ಕು ಟೆಸ್ಟ್ ಹಾಕಿಸಿದ್ವಿ. ಆಂಡ್ರೊಸ್ಟೀನ್‌ಡಯೋನ್ 0.3 ನ್ಯಾನೋಗ್ರಾಂ, ಟೆಸ್ಟೊಸ್ಟೀರಾನ್ 8, ಎರಡೂ ತೀರಾ ಕಮ್ಮಿ. ಪ್ರೊಜೆಸ್ಟರಾನ್ ಕಮ್ಮಿ. ಡಿಎಚ್‌ಇಎ ಸಲ್ಫೇಟ್ (ಅಡ್ರಿನಲ್‌ನಿಂದ ಬರೋ ಆಂಡ್ರೊಜನ್, ಅಂದ್ರೆ ಗಂಡು ಹಾರ್ಮೋನ್) ನಾರ್ಮಲ್. ಬಿಪಿ 110/70, ಪೊಟ್ಯಾಸಿಯಂ 4.1. ಈ ಡಿಎಚ್‌ಇಎ ಸಲ್ಫೇಟ್ ನಾರ್ಮಲ್ ಅನ್ನೋದು ನಂಗೆ ಎಲ್ಲದಕ್ಕಿಂತ ದೊಡ್ಡ ಸಾಕ್ಷಿ ಅನ್ನಿಸ್ತು. ಅಡ್ರಿನಲ್‌ನಲ್ಲಿ 17-ಆಲ್ಫಾ ಕಿಣ್ವ ಕೆಲಸ ಮಾಡ್ತಿದೆ, ಅಂದ್ರೆ ಜೀನ್ ಸರಿ ಇದೆ. ಅಂಡಾಶಯದಲ್ಲಿ ಅದನ್ನ ಎಬ್ಬಿಸೋರಿಲ್ಲ. ಈಸ್ಟ್ರಡಯೋಲ್ 38ರವರೆಗಾದ್ರೂ ಏರಿದ್ದು ಬಹುಶಃ ಅಡ್ರಿನಲ್‌ನಿಂದ ಬಂದ ಆ ಚೂರುಪಾರು ಆಂಡ್ರೊಜನ್‌ನಿಂದ.

ಇನ್ನೊಂದು ವಿಷಯ. ಫಾಲಿಕಲ್ 18 ಮಿಲಿಮೀಟರ್ ಆಗಬೇಕಂದ್ರೆ ಒಳಗೆ ಈಸ್ಟ್ರೋಜನ್ ತುಂಬಿರ್ಲೇಬೇಕು ಅಂತ ನಾವೆಲ್ಲ ನಂಬಿರ್ತೀವಿ. ಮನುಷ್ಯರಲ್ಲಿ ಹಾಗಿಲ್ಲ, ಎಫ್‌ಎಸ್‌ಎಚ್ ಒಂದರಿಂದಲೇ ಗ್ರ್ಯಾನ್ಯುಲೋಸಾ ಹೆಚ್ಚಾಗಿ ನೀರು ತುಂಬಿ ಫಾಲಿಕಲ್ ದೊಡ್ಡದಾಗಬಹುದು. ಬೆಳೆಯೋದೂ ಹಾರ್ಮೋನ್ ಮಾಡೋದೂ ಎರಡು ಬೇರೆ ಕೆಲಸ. ಸ್ಕ್ಯಾನ್ ಮೊದಲನೇದನ್ನ ಮಾತ್ರ ತೋರಿಸತ್ತೆ.

ಸೈಕಲ್ ನಿಲ್ಲಿಸಿದ ದಿನ

ಡೋಸ್ ಇನ್ನೂ ಏರಿಸೋಣ ಅಂತ ಒಬ್ಬರು ಹೇಳಿದ್ರು, ಅದು ನಂಗೆ ಒಪ್ಪಿಗೆ ಆಗ್ಲಿಲ್ಲ, ಎಫ್‌ಎಸ್‌ಎಚ್ ತನ್ನ ಕೆಲಸ ಮಾಡಿಯಾಗಿತ್ತು. ಈಗಲೇ ಎಲ್‌ಎಚ್ ಸೇರಿಸಿ ನಾಲ್ಕು ದಿನ ನೋಡೋಣ ಅನ್ನೋ ಮಾತೂ ಬಂತು. 18 ಮಿಲಿಮೀಟರಿನ ಫಾಲಿಕಲ್‌ಗೆ ಇನ್ನೂ ನಾಲ್ಕು ದಿನ ಅಂದ್ರೆ ಅಂಡಾಣು ಹಳಸೋ ಭಯ, ಒಳಪದರ ಅಷ್ಟರಲ್ಲಿ ತಯಾರಾಗತ್ತೆ ಅನ್ನೋ ಭರವಸೆ ಇಲ್ಲ. ನಿಲ್ಲಿಸೋದು ಅಂತ ಆಯ್ತು.

ಆಕೆಗೆ ಹೇಳೋದು ಸುಲಭ ಇರ್ಲಿಲ್ಲ. "ಮೊಟ್ಟೆ ಬೆಳೆದಿದೆ ಅಂತ ನೀವೇ ತೋರ್ಸಿದ್ರಲ್ಲ ಮೇಡಂ, ಮತ್ಯಾಕೆ ಬೇಡ?" ಸ್ಕ್ಯಾನ್ ರಿಪೋರ್ಟಿನ ಹಿಂಬದಿಗೆ ಒಂದು ದೊಡ್ಡ ಸುತ್ತು ಬರ್ದೆ, ಒಳಗೆ ಇನ್ನೊಂದು ಸುತ್ತು. ಹೊರಗಿನ ಕೋಣೇಲಿ ಕಚ್ಚಾ ಸಾಮಾನು ತಯಾರಾಗತ್ತೆ, ಒಳಗಿನ ಕೋಣೇಲಿ ಅದರಿಂದ ಈಸ್ಟ್ರೋಜನ್ ಆಗತ್ತೆ, ನಾನು ಒಳಗಿನ ಕೋಣೆಯವರನ್ನ ಮಾತ್ರ ಎಬ್ಬಿಸಿದೀನಿ, ಹೊರಗಿನವರು ಇನ್ನೂ ಮಲಗಿದಾರೆ, ಅದು ನನ್ನ ತಪ್ಪು, ನಿಮ್ಮ ದೇಹದ ತಪ್ಪಲ್ಲ ಅಂತ ಹೇಳ್ದೆ. ಆಕೆ ಆ ಕಾಗದ ಮಡಚಿ ಫೈಲ್ ಒಳಗೆ ಇಟ್ಕೊಂಡ್ರು. ಗಂಡ ಕೇಳಿದ್ರು, "ಹಾಗಾದ್ರೆ ಹೊರಗಿನವರಿಗೂ ಇಂಜೆಕ್ಷನ್ ಇದ್ಯಾ?" ಇದೆ ಅಂದೆ.

ಎರಡನೇ ಸೈಕಲ್

ಒಂದೂವರೆ ತಿಂಗಳು ಬಿಟ್ಟು ಶುರು ಮಾಡಿದ್ವಿ. ಎಫ್‌ಎಸ್‌ಎಚ್ 150, ಜೊತೆಗೆ ಎಲ್‌ಎಚ್ 75 ಯೂನಿಟ್, ಎರಡೂ ದಿನಾ ಸಂಜೆ. ಎಚ್‌ಎಂಜಿ ಕೊಟ್ರೂ ಆಗ್ತಿತ್ತು, ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆಯೋ ಆ ಔಷಧೀಲಿ ಎರಡೂ ಶಕ್ತಿ ಇರತ್ತೆ, ಅದರಿಂದ ಮೊದಲ ಮಗು ಹುಟ್ಟಿದ್ದೇ 1962ರಲ್ಲಿ. ಯೋಚನೆ ಮಾಡಿದ್ರೆ ಒಂದು ವಿಚಿತ್ರ ಕಾಣ್ಸತ್ತೆ, ಆ ಹಳೇ ಔಷಧಿ ಅಷ್ಟೊಂದು ಶುದ್ಧ ಇರ್ಲಿಲ್ಲ ಅಂತ್ಲೇ ಇಂಥ ಹೆಂಗಸರಿಗೆ ಚೆನ್ನಾಗಿ ಕೆಲಸ ಮಾಡ್ತಿತ್ತು, ಎಫ್‌ಎಸ್‌ಎಚ್ ಪೂರ್ತಿ ಶುದ್ಧ ಆದ್ಮೇಲೇನೇ ಎಲ್‌ಎಚ್ ಇಲ್ಲದಿದ್ರೆ ಏನಾಗತ್ತೆ ಅಂತ ಕಣ್ಣಿಗೆ ಕಂಡಿದ್ದು. ನಾವು ಬೇರೆ ಬೇರೆ ಕೊಟ್ಟಿದ್ದು ಡೋಸ್ ಬೇಕಾದ ಹಾಗೆ ಬದಲಿಸೋಕೆ ಆಗ್ಲಿ ಅಂತ, ಅದು ಮುಂದೆ ಉಪಯೋಗಕ್ಕೆ ಬಂತು.

ಆರನೇ ದಿನ ದೊಡ್ಡ ಫಾಲಿಕಲ್ ಇನ್ನೂ 9 ಮಿಲಿಮೀಟರ್. ಆಂಡ್ರೊಸ್ಟೀನ್‌ಡಯೋನ್ 0.9. ಈಸ್ಟ್ರಡಯೋಲ್ 46. ಹಿಂದಿನ ಸಲ 18 ಮಿಲಿಮೀಟರಿನ ಫಾಲಿಕಲ್ ಕೊಟ್ಟಿದ್ದಕ್ಕಿಂತ ಈ ಸಲ 9ರದ್ದು ಜಾಸ್ತಿ ಕೊಡ್ತಿತ್ತು. ಆ ರಿಪೋರ್ಟ್ ನೋಡಿ ನಾನೂ ಆ ಕಿರಿಯ ಡಾಕ್ಟರೂ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ ಅವಳು ಯೂನಿಟ್ ನೋಡಿ ಹೌದು ಮೇಡಂ ಅಂದ್ಲು.

ಒಂಬತ್ತನೇ ದಿನ ಇನ್ನೊಂದು ತಿರುವು. ಈಸ್ಟ್ರಡಯೋಲ್ 128, ಆದ್ರೆ 10ರಿಂದ 12 ಮಿಲಿಮೀಟರಿನ ಫಾಲಿಕಲ್ ಐದು ಸಾಲಾಗಿ ನಿಂತಿವೆ. ಇಷ್ಟು ವರ್ಷ ಮುಟ್ಟದೇ ಇಟ್ಟ ಅಂಡಾಶಯ, ಒಂದು ಸಲ ಎದ್ರೆ ಎಲ್ಲಾ ಒಟ್ಟಿಗೇ ಏಳೋ ಅಪಾಯ ಇದೆ. ಐದೂ ಬೆಳೆದ್ರೆ ಅವಳಿ ತ್ರಿವಳಿ, ಓವರಿ ಊದಿಕೊಂಡು ಹೊಟ್ಟೇಲಿ ನೀರು ತುಂಬೋದು, ಎಲ್ಲಾ ಆಗಬಹುದು. ಎಫ್‌ಎಸ್‌ಎಚ್ 112.5ಕ್ಕೆ ಇಳಿಸಿದ್ವಿ, ಎಲ್‌ಎಚ್ ಮುಟ್ಲಿಲ್ಲ. ಇದರ ಲೆಕ್ಕಾಚಾರ ಏನಂದ್ರೆ, ದೊಡ್ಡ ಫಾಲಿಕಲ್‌ನ ಗ್ರ್ಯಾನ್ಯುಲೋಸಾದಲ್ಲಿ ಎಫ್‌ಎಸ್‌ಎಚ್ ಪ್ರಭಾವದಿಂದ ಅಷ್ಟರಲ್ಲಿ ಎಲ್‌ಎಚ್ ರಿಸೆಪ್ಟರ್ ಹುಟ್ಟಿರತ್ತೆ, ಎಫ್‌ಎಸ್‌ಎಚ್ ಕಮ್ಮಿ ಆದ್ರೂ ಅದು ಎಲ್‌ಎಚ್ ಆಸರೇಲಿ ಬದುಕತ್ತೆ, ಸಣ್ಣವಕ್ಕೆ ಆ ಅನುಕೂಲ ಇಲ್ಲ, ಹಿಂದೆ ಬೀಳ್ತವೆ. ಸಹಜವಾದ ಮುಟ್ಟಿನ ಚಕ್ರದಲ್ಲಿ ಒಂದೇ ಫಾಲಿಕಲ್ ಗೆಲ್ಲೋದೂ ಹೀಗೇ.

ಹದಿಮೂರನೇ ದಿನ 18 ಮತ್ತು 15, ಉಳಿದವು 12 ದಾಟಿಲ್ಲ. ಈಸ್ಟ್ರಡಯೋಲ್ 356. ಒಳಪದರ 8.6 ಮಿಲಿಮೀಟರ್, ಮೂರು ಗೆರೆ ಸ್ಪಷ್ಟ. ಅವಳಿ ಆಗೋ ಸಾಧ್ಯತೆ ಇದೆ ಅಂತ ದಂಪತಿಗೆ ಹೇಳಿ ಒಪ್ಪಿಗೆ ತಗೊಂಡು ಟ್ರಿಗರ್‌ಗೆ ಹೋದ್ವಿ.

ಟ್ರಿಗರ್ ಯಾವುದು ಅನ್ನೋದರ ಮೇಲೂ ಒಂದು ಚರ್ಚೆ ಆಯ್ತು, ಇದನ್ನ ಕಲಿಯೋರು ಗಮನಿಸಬೇಕು. ಓವರಿ ಊದಿಕೊಳ್ಳೋ ಅಪಾಯ ತಪ್ಪಿಸೋಕೆ ಈಗ ಎಲ್ಲರೂ ಎಚ್‌ಸಿಜಿ (ಗರ್ಭ ನಿಂತಾಗ ಬರೋ ಹಾರ್ಮೋನ್) ಬದಲು ಜಿಎನ್‌ಆರ್‌ಎಚ್ ಅಗೋನಿಸ್ಟ್ ಟ್ರಿಗರ್ ಇಷ್ಟಪಡ್ತಾರೆ, ನಮ್ಮ ಒಬ್ಬ ಸಹೋದ್ಯೋಗಿನೂ ಅದೇ ಹೇಳಿದ್ರು. ಬೇರೆಯವರಿಗೆ ಒಳ್ಳೇ ಸಲಹೆ. ಆದ್ರೆ ಅಗೋನಿಸ್ಟ್ ಮಾಡೋದು ಪಿಟ್ಯುಟರೀಲಿ ಕೂಡಿಟ್ಟಿರೋ ಎಲ್‌ಎಚ್‌ನ ಒಮ್ಮೆಲೇ ಹೊರಗೆ ತಳ್ಳೋದು. ಈಕೆಯ ಪಿಟ್ಯುಟರೀಲಿ ಕೂಡಿಟ್ಟಿದ್ದೇ ಇಲ್ಲ. ಹಾಗಾಗಿ ಎಚ್‌ಸಿಜಿನೇ, ಪ್ರಮಾಣ ಮಾತ್ರ ಕಮ್ಮಿ, 5000 ಯೂನಿಟ್. ಎಚ್‌ಸಿಜಿ ಕೂತ್ಕೊಳ್ಳೋದು ಎಲ್‌ಎಚ್‌ನ ರಿಸೆಪ್ಟರ್ ಮೇಲೇನೇ.

ಅಂಡೋತ್ಪತ್ತಿ ಆದ್ಮೇಲೆ

ಇಲ್ಲಿಗೆ ಕೆಲಸ ಮುಗೀತು ಅಂತ ಬಿಟ್ಟಿದ್ರೆ ಎರಡನೇ ತಪ್ಪು ಆಗ್ತಿತ್ತು. ಅಂಡಾಣು ಹೊರಗೆ ಬಂದ್ಮೇಲೆ ಒಳಗಿನ ಪೊರೆ ಒಡೆದು ರಕ್ತನಾಳ ಗ್ರ್ಯಾನ್ಯುಲೋಸಾ ಒಳಗೆ ನುಗ್ಗತ್ತೆ. ಅಲ್ಲೀವರೆಗೂ ಎಲ್‌ಡಿಎಲ್ ಕೊಲೆಸ್ಟರಾಲ್ ಕಣ ದೊಡ್ಡದಿರೋದ್ರಿಂದ ಆ ಪೊರೆ ದಾಟೋಕಾಗ್ತಿರ್ಲಿಲ್ಲ, ಈಗ ನೇರವಾಗಿ ಸಿಗತ್ತೆ, ಪ್ರೊಜೆಸ್ಟರಾನ್ ಭರ್ತಿಯಾಗಿ ತಯಾರಾಗತ್ತೆ. ಈ ಹೊಸ ರಚನೆನೇ ಕಾರ್ಪಸ್ ಲ್ಯೂಟಿಯಂ. ಅದು ಜೀವಂತ ಇರೋಕೆ ದಿನಾ ಸ್ವಲ್ಪ ಸ್ವಲ್ಪ ಎಲ್‌ಎಚ್ ಬೇಕು. ಟ್ರಿಗರ್‌ನ ಎಚ್‌ಸಿಜಿ ಒಂದು ವಾರ, ಹತ್ತು ದಿನ ಆ ಜಾಗ ತುಂಬತ್ತೆ. ಗರ್ಭ ನಿಂತ್ರೆ ಭ್ರೂಣ ತನ್ನದೇ ಎಚ್‌ಸಿಜಿ ಕಳಿಸಿ ಅದನ್ನ ಉಳಿಸ್ಕೊಳ್ಳತ್ತೆ. ಆದ್ರೆ ಈ ಎರಡರ ಮಧ್ಯೆ, ಇಂಜೆಕ್ಷನ್ನಿಂದು ಕರಗಿ ಭ್ರೂಣದ್ದು ಇನ್ನೂ ಕ್ಷೀಣ ಇರೋ ಆ ಕೆಲವು ದಿನ, ಬೇರೆ ಹೆಂಗಸರಿಗೆ ಅವರ ಪಿಟ್ಯುಟರಿ ಕೈ ಹಿಡಿಯತ್ತೆ, ಈಕೆಗೆ ಯಾರೂ ಇಲ್ಲ. ಮತ್ತೆ ಎಚ್‌ಸಿಜಿ ಕೊಟ್ರೆ ಓವರಿ ಊದೋ ಭಯ ಇದ್ದಿದ್ರಿಂದ ಯೋನಿಮಾರ್ಗದ ಪ್ರೊಜೆಸ್ಟರಾನ್ ಶುರು ಮಾಡಿದ್ವಿ. ಏಳನೇ ದಿನ ರಕ್ತದ ಪ್ರೊಜೆಸ್ಟರಾನ್ 16 ಇತ್ತು. ಯೋನಿಮಾರ್ಗದಲ್ಲಿ ಇಟ್ಟಿದ್ದು ರಕ್ತದಲ್ಲಿ ಅಷ್ಟೊಂದು ಕಾಣಲ್ಲ, ಹಾಗಾಗಿ ಅದರಲ್ಲಿ ಹೆಚ್ಚಿನ ಪಾಲು ಆಕೆಯ ಅಂಡಾಶಯದ್ದೇ.

ಆ ಸೈಕಲ್‌ನಲ್ಲಿ ಗರ್ಭ ನಿಲ್ಲಲಿಲ್ಲ. ಮುಟ್ಟಾಯ್ತು. ಫೋನ್ ಮಾಡಿ ಹೇಳ್ದಾಗ ಆಕೆ ಧ್ವನಿ ಕುಗ್ಗಿರ್ಲಿಲ್ಲ, ನನ್ನ ಅಂಡಾಶಯನೇ ಮಾಡಿದ ಹಾರ್ಮೋನಿಂದ ಆದ ಮೊದಲ ಮುಟ್ಟು ಇದು ಅಲ್ವಾ ಮೇಡಂ ಅಂದ್ರು. ಲೆಕ್ಕದಲ್ಲಿ ಅದು ನಿಜ.

ಮೂರನೇ ಸೈಕಲ್‌ನ ಎಫ್‌ಎಸ್‌ಎಚ್ 112.5ರಿಂದಲೇ ಶುರು ಮಾಡಿ, ಎಲ್‌ಎಚ್ 75 ಹಾಗೇ ಇಟ್ವಿ. ಒಂದೇ ಫಾಲಿಕಲ್ ಮುಂದೆ ಬಂತು, ಗರ್ಭ ನಿಂತಿತು. ಆರೂವರೆ ವಾರಕ್ಕೆ ಒಂದೇ ಮಗು, ಹೃದಯ ಬಡಿತ ಕಾಣಿಸ್ತು. ಪ್ರೊಜೆಸ್ಟರಾನ್ ಯಾವಾಗ ನಿಲ್ಲಿಸೋದು ಅನ್ನೋದಕ್ಕೆ 1970ರ ದಶಕದ ಆರಂಭದ ಅರ್ಪಾಡ್ ಚಾಪೊ ಅವರ ಕೆಲಸ ಈಗ್ಲೂ ದಾರಿ ತೋರ್ಸತ್ತೆ, ಏಳು ವಾರಕ್ಕೆ ಮುಂಚೆ ಕಾರ್ಪಸ್ ಲ್ಯೂಟಿಯಂ ತೆಗೆದ್ರೆ ಗರ್ಭ ಬೀಳತ್ತೆ, ಒಂಬತ್ತು ವಾರ ದಾಟಿದ್ರೆ ಪ್ಲಾಸೆಂಟಾ ಆ ಕೆಲಸ ವಹಿಸ್ಕೊಂಡಿರತ್ತೆ. ನಾವು ಹತ್ತನೇ ವಾರದವರೆಗೆ ಕೊಟ್ಟು ನಿಲ್ಲಿಸಿದ್ವಿ. ದಿನ ತುಂಬಿ ಹೆರಿಗೆ ಆಯ್ತು.

ಈಗ ನಾವು ಏನು ಬದಲಾಯಿಸಿದೀವಿ

ಮುಟ್ಟೇ ಆಗದ ಹೆಣ್ಮಕ್ಕಳು ಬಂದ್ರೆ ವಾಸನೆ ಪ್ರಶ್ನೆ ಈಗ ಕೇಸ್ ಶೀಟ್‌ನಲ್ಲೇ ಪ್ರಿಂಟ್ ಆಗಿದೆ. ಎಲ್‌ಎಚ್ 1.2ಕ್ಕಿಂತ ಕೆಳಗಿರೋ ಇಂಥ ಕೇಸ್‌ಗಳಲ್ಲಿ ಮೊದಲ ದಿನದಿಂದಲೇ ಎಲ್‌ಎಚ್ ಸೇರಿಸ್ತೀವಿ. ಹಾಗಂತ ಎಲ್ಲರಿಗೂ ಎಲ್‌ಎಚ್ ಕೊಡಬೇಕು ಅಂತ ಈ ಕೇಸ್‌ನಿಂದ ಯಾರೂ ಅರ್ಥ ಮಾಡ್ಕೋಬಾರದು. ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ) ಇರೋರಲ್ಲಿ ನೋಡಿ, ಎಲ್‌ಎಚ್ ಜಾಸ್ತಿ, ಜೊತೆಗೆ ಇನ್ಸುಲಿನ್ನೂ ಥೀಕಾವನ್ನ ಹುರಿದುಂಬಿಸತ್ತೆ, ಆಂಡ್ರೊಜನ್ ಬೇಕಾದ್ದಕ್ಕಿಂತ ಹೆಚ್ಚು ತಯಾರಾಗಿ ಮೊಡವೆ, ಮುಖದ ಕೂದಲು, ಬೆಳೆಯದೇ ನಿಂತ ಫಾಲಿಕಲ್. ಅದೇ ಎರಡು ಕೋಶ, ಸಮಸ್ಯೆ ಪೂರ್ತಿ ಉಲ್ಟಾ. ಸ್ಕ್ಯಾನ್ ಜೊತೆ ಈಸ್ಟ್ರಡಯೋಲ್ ತಾಳೆ ಆಗ್ಲಿಲ್ಲ ಅಂದ್ರೆ ಡೋಸ್ ಏರಿಸೋ ಮುಂಚೆ ಆಂಡ್ರೊಸ್ಟೀನ್‌ಡಯೋನ್ ಮಾಡಿಸ್ತೀವಿ, ಒಂದು ಟ್ಯೂಬ್ ಸೀರಂ ಪ್ರತಿ ಸಲ ಫ್ರೀಜರ್‌ನಲ್ಲಿ ಉಳಿಸ್ತೀವಿ. ಹೊರಗಿನ ಲ್ಯಾಬ್ ರಿಪೋರ್ಟ್ ಬಂದ್ರೆ ಸಂಖ್ಯೆ ಓದೋ ಮೊದಲು ಯೂನಿಟ್ ಜೋರಾಗಿ ಓದಬೇಕು, ಇದು ಆ ಕಿರಿಯ ಡಾಕ್ಟರೇ ಶುರು ಮಾಡಿದ ಪದ್ಧತಿ.

ಆಕೆಗೆ ಹೆರಿಗೆ ಆದ್ಮೇಲೆ ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಿದ್ವಿ, ಕಮ್ಮಿನೇ ಇತ್ತು, ಇಷ್ಟು ವರ್ಷ ಮಾತ್ರೆ ಒಂದು ತಿಂಗಳು ತಗೊಂಡು ಎರಡು ತಿಂಗಳು ಬಿಟ್ಟಿದ್ದರ ಫಲ. ಸಹಜವಾಗಿ ಮುಟ್ಟು ನಿಲ್ಲೋ ವಯಸ್ಸಿನವರೆಗೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಬಿಡದೆ ತಗೋಬೇಕು ಅಂತ ಹೇಳಿ ಬರ್ಕೊಟ್ಟೆ. ಕೊನೇ ಸಲ ಬಂದಾಗ ಮಗು ಎತ್ಕೊಂಡು ಜೊತೆಗೆ ಒಬ್ಬ ಹುಡುಗ ಬಂದಿದ್ದ, ಆಕೆಯ ತಮ್ಮ, ವಯಸ್ಸು 19, ಗಡ್ಡ ಮೀಸೆ ಇನ್ನೂ ಬಂದಿಲ್ಲ, ಧ್ವನಿ ಒಡೆದಿಲ್ಲ. ಆಕೆ ಅವನನ್ನ ಮುಂದಕ್ಕೆ ತಳ್ಳಿ ಹೇಳಿದ್ರು, "ಮೇಡಂ, ನಾನೇ ಮನೇಲಿ ಕೇಳ್ದೆ. ಇವನಿಗೂ ವಾಸನೆ ಗೊತ್ತಾಗಲ್ವಂತೆ." ಎಂಡೋಕ್ರೈನಾಲಜಿಸ್ಟ್‌ಗೆ ಪತ್ರ ಬರೆದು ಅವತ್ತೇ ಕಳಿಸ್ದೆ.